ಹುಣ್ಣಿವಿ ಹಚ್ಚುತ್ತಿದ್ದ ಮಾಮಾ

ನಮ್ಮ ಗುರುಶಾಂತ ಮಾಮಾ ಮುಂಜಾನೆ ಜಳಕ ಮುಗಿಸಿ ಮೂರು ಬೆರಳಿಂದ ವಿಭೂತಿ ಬಳಿಯುತ್ತಿದ್ದುದು ಮೊದಲು ತನ್ನ ಹಣೆಗೆ, ಆಮೇಲೆ ಕಾರಿನ ಎರಡೂ ಕಣ್ಣಿಗೆ. ನಡುವೆ ಚಹಾ ಇಲ್ಲ, ಮಾತಿಲ್ಲ. ತೋಯ್ದ ತಲೆಯಲ್ಲೇ ಅಂಗಳಕ್ಕಿಳಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದ. ನಿನ್ನೆಯ ವಿಭೂತಿಯನ್ನೂ ಅದರ ಮೇಲೆ ಕೂತ ಧೂಳನ್ನೂ ಹೆಗಲ ಮೇಲಿನ ಟಾವೆಲ್ಲಿನಿಂದ ಗಸಗಸ ಒರೆಸಿ, ಹೆಡ್‌ಲೈಟಿನ ಗಾಜಿನ ಮೇಲೆ ಹೊಸದಾಗಿ ಮೂರು ಗೆರೆ ಎಳೆದು, ಹಿಂದೆ ಸರಿದು ಅದರ ಮೋರೆ ನೋಡುತ್ತಿದ್ದ. "ಈಗ ನೋಡ, ಕಳಾ ಬಂತು," ಅನ್ನುತ್ತಿದ್ದ. ಅತ್ತಿಯ ಚಹಾ ಅಲ್ಲಿಯವರೆಗೆ ಆರಿ ತಣ್ಣಗಾಗಿರುತ್ತಿತ್ತು.

ಮಾಮಾ ನನ್ನ ಅವ್ವನ ತಮ್ಮ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡು ಬೆಳೆದವನು. ಆದರೆ ಕೈ ಲಾಳಿಯ ಮೇಲೆ, ಚಿತ್ತ ಹೊರಗಿನ ರಸ್ತೆಯ ಮೇಲೆ. ಕೊನೆಗೆ ಮಗ್ಗ ಬಿಟ್ಟು ಬಾಡಿಗೆ ಗಾಡಿ ಓಡಿಸಲು ಹತ್ತಿದ. ಮಗ್ಗವನ್ನು ಅತ್ತಿ ನೀಲವ್ವ ಬಿಡಲಿಲ್ಲ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವಳ ಬೆರಳಿಗೆ ಓಣಿಯಲ್ಲೇ ಹೆಸರಿತ್ತು. ಕಣ್ಣು ಮುಚ್ಚಿ ಮುಟ್ಟಿದರೂ ಎಳೆ ರೇಷ್ಮೆಯೋ ಹತ್ತಿಯೋ ಹೇಳುತ್ತಿದ್ದಳು. ಮಾಮಾನ ಕನಸುಗಳ ಬಗ್ಗೆ ಮಾತ್ರ ಅವಳಿಗೆ ಅಷ್ಟು ನಂಬಿಕೆ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಗ್ರಾನೈಟ್ ಖಣಿಯ ಸಾವ್ಕಾರರೊಬ್ಬರು ಓಡಿಸಿ ಸಾಕಾದ ವಿದೇಶಿ ಕಾರೊಂದು ಮಾಮಾನ ಅಂಗಳಕ್ಕೆ ಬಂತು. ಸೀಟು ಹರಿದಿತ್ತು, ಬಾಗಿಲೊಂದು ಕಿರ್ ಅನ್ನುತ್ತಿತ್ತು. ಮಾಮಾ ಮನಸೋತದ್ದು ಅದರ ದೀಪಕ್ಕೆ. ಝೆನಾನ್ ದೀಪ. ಹಳೇ ಬಲ್ಬಿನ ಹಾಗೆ ಒಳಗೆ ತಂತಿ ಕಾಯುವುದಿಲ್ಲ, ಅನಿಲ ಉರಿಯುತ್ತದೆ ಎಂದು ಯಾರೋ ಹೇಳಿದ್ದರು. ಗುಂಡಿ ಒತ್ತಿದರೆ ಮೊದಲು ನೀಲಿ ಮಿಂಚು, ಆಮೇಲೆ ನಿಧಾನಕ್ಕೆ ಹಾಲಿನ ಬೆಳಕು. ಮಾಮಾ ಅದಕ್ಕೆ ಹುಣ್ಣಿವಿ ಎಂದು ಹೆಸರಿಟ್ಟ. ಹೊತ್ತು ಮುಳುಗಿದರೆ ಸಾಕು, "ಹುಣ್ಣಿವಿ ಹಚ್ಚಲೇನವಾ?" ಎಂದು ಕೇಳುತ್ತಿದ್ದ, ನಾವು ಬೇಡವೆಂದರೆ ಹಚ್ಚುವುದಿಲ್ಲವೇನೋ ಎನ್ನುವ ಹಾಗೆ!

ನಾನು ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದೆ. ರಜೆ ಬಂತೆಂದರೆ ಇಳಕಲ್. ಗಾಡಿ ಹೊಡೆಯಲು ಕಲಿಸಿದವನೂ ಮಾಮಾನೇ. ಕೆಲವೊಮ್ಮೆ ಹುನಗುಂದದ ಆಚೆ ಎರೆ ಹೊಲದ ಪಕ್ಕ ಕಾರು ನಿಲ್ಲಿಸಿ, ಮುಸ್ಸಂಜೆಯ ಜೋಳದ ಮೇಲೆ ಬೆಳಕು ಬಿಟ್ಟು ಸುಮ್ಮನೆ ಕೂತುಬಿಡುತ್ತಿದ್ದ. ತೆನೆಗಳು ಬೆಳ್ಳಗೆ ತೂಗುತ್ತಿದ್ದವು. ಹುಳಗಳು ಬೆಳಕಿನೊಳಗೆ ಬಂದು ಹೊಳೆದು ಹೋಗುತ್ತಿದ್ದವು. "ಮಾತಾಡಬ್ಯಾಡ. ಹೊಲ ಕನಸ ಕಾಣಾಕತ್ತೈತಿ," ಅನ್ನುತ್ತಿದ್ದ. ನನಗೂ ಹಾಗೇ ಅನಿಸುತ್ತಿತ್ತು, ಖರೆ. ನಾನು ಸ್ಟೇರಿಂಗ್ ಹಿಡಿದಾಗ ಅವನದು ಒಂದೇ ಪಾಠ: "ರಸ್ತೆ ನೋಡಬ್ಯಾಡ, ಬೆಳಕಿನ ತುದಿ ನೋಡ. ರಸ್ತೆ ತಾನ ಬರತೈತಿ."

ಬರಬರುತ್ತ ಆ ತುದಿ ಹತ್ತಿರ ಬರತೊಡಗಿತು. ಮಾಮಾ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ಓಡಿಸುತ್ತಿದ್ದ. "ದೀಪ ಕುಂದ್ಯಾವ," ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾದಾಮಿಯಲ್ಲಿ ನೆಂಟರ ಮನೆಯ ಬಸುರಿ ಸೊಸೆಯ ಕುಬಸ ಮುಗಿಸಿ ಮೂವರೂ ಮರಳುತ್ತಿದ್ದೆವು. ಬಿಸಿಲು ಹೋದ ಮೇಲೂ ಬಾದಾಮಿಯ ಕೆಂಪು ಬಂಡೆ ಒಂದಿಷ್ಟು ಹೊತ್ತು ಕೆಂಡದ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡುತ್ತ ಹಿಂದಿನ ಸೀಟಿನಲ್ಲಿ ಜೋಂಪು ಹತ್ತಿದ್ದು ಗೊತ್ತು. ಅಮೀನಗಡ ದಾಟಿದ ಮೇಲೆ ಬ್ರೇಕು ಕಿರುಚಿತು. ಎಚ್ಚರಾದಾಗ ನನ್ನ ಮಡಿಲಿನ ಹೋಳಿಗೆ ಬುಟ್ಟಿ ಮುಂದಿನ ಗಾಜಿಗೆ ಬಡಿದು ಬಿದ್ದಿತ್ತು, ಎದುರಿಗೆ ಜೋಳದ ಕಣಿಕೆ ಹೇರಿದ ಎತ್ತಿನ ಬಂಡಿ ಕೈಗೆಟುಕುವಷ್ಟು ಹತ್ತಿರ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಮನೆಗೆ ಬಂದವಳೇ ಅತ್ತಿ ಕೀಲಿಕೈ ಕಸಿದು ಸೊಂಟಕ್ಕೆ ಸಿಗಿಸಿಕೊಂಡಳು. "ನಿಮ್ಮ ಕಣ್ಣ ಹೋಗ್ಯಾವ. ಇನ್ನ ಗಾಡಿ ಸಾಕು."

"ಕಣ್ಣ ಚಲೋ ಅದಾವ. ದೀಪ ಕುಂದ್ಯಾವ ಅಂತ ಹೇಳಾಕತ್ತಿಲ್ಲೇನು?"

"ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ! ದವಾಖಾನಿಗೆ ನಡೀರಿ."

"ಡಾಕ್ಟರು ಗ್ವಾಡಿ ಮ್ಯಾಲಿನ ಅಕ್ಷರ ತೋರಸ್ತಾರ. ರಸ್ತೆ ತೋರಸ್ತಾರೇನು?" ಎಂದ ಮಾಮಾ. ಆಮೇಲೆ ದನಿ ಇಳಿಸಿ ಹೇಳಿದ: "ದೀಪ ಪರೀಕ್ಷಾ ಮಾಡಸ್ತೇನಿ. ದೀಪ ಕೆಟ್ಟಿದ್ರ ದೀಪ ರಿಪೇರಿ. ದೀಪ ಚಲೋ ಇದ್ರ ನನ್ನ ಕಣ್ಣ ಕೆಟ್ಟಾವು, ಮತ್ತ ಸ್ಟೇರಿಂಗ್ ಮುಟ್ಟಂಗಿಲ್ಲ. ಸಂಗಯ್ಯನ ಆಣಿ."

ಕೂಡಲಸಂಗಮದ ಸಂಗಯ್ಯನ ಹೆಸರಲ್ಲಿ ಆಣೆ ಇಟ್ಟರೆ ಅವನು ತಪ್ಪುವವನಲ್ಲ. ನನಗೆ ಗಾಡಿ ಬಿಟ್ಟ ಮಾಮಾನನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಮರುದಿನ ಮೋಟಾರು ವೈರಿಂಗ್ ಮಾಡುವ ದಾವಲ್ ಬಂದ. ಒಳ್ಳೆಯ ಕೆಲಸಗಾರ, ಅವಸರ ಇಲ್ಲದವನು. ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಿಡಿದ, ಎಂಜಿನ್ ಚಾಲೂ ಮಾಡಿಸಿ ಮತ್ತೆ ಹಿಡಿದ. ಅರ್ಥಿಂಗ್ ವೈರಿನ ತುಕ್ಕು ಕೆರೆದ. ದೀಪಕ್ಕೆ ಕರೆಂಟು ಏರಿಸಿ ಕೊಡುವ ಡಬ್ಬಿ ಬಿಚ್ಚಿ ನೋಡಿದ. "ಬಲ್ಬ್ ಮುದಿ ಆದ್ರ ಬೆಳಕ ನೇರಳಿ ಬಣ್ಣಕ್ಕ ತಿರಗತೈತ್ರಿ ಮಾಮಾರ, ಇದು ತಿರಗಿಲ್ಲ," ಎಂದ. ಕೊನೆಗೆ ಎಡದ ಬಲ್ಬ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ಒಂದು ಬಲ್ಬ್ ಕೆಟ್ಟಿದ್ದರೆ ಮಬ್ಬೂ ಅದರ ಜೊತೆಗೇ ಆಚೆ ಹೋಗಬೇಕು. ಹೋಗಲಿಲ್ಲ, ಎರಡೂ ಕಡೆ ಇದ್ದ ಹಾಗೇ ಇತ್ತು. ಗಾಜನ್ನು ಮಾತ್ರ ಅವನು ಮುಟ್ಟಲಿಲ್ಲ. ಅದರ ಮೇಲೆ ಅವತ್ತಿನ ವಿಭೂತಿ ಇತ್ತು. ಬೆಳ್ಳಗಿದ್ದುದೆಲ್ಲ ವಿಭೂತಿಯೇ ಎಂದು ಅವನೂ ತಿಳಿದ, ನಾವೂ ತಿಳಿದಿದ್ದೆವು. ದೇವರದ್ದನ್ನು ಒರೆಸುವುದು ಹೇಗೆ?

"ದೀಪ ಎಲ್ಲಾ ಬರಾಬರಿ ಅದಾವ್ರಿ," ಎಂದ ದಾವಲ್, ಮಾಮಾನ ಮುಖ ನೋಡದೆ.

ಮಾಮಾ ಪರೀಕ್ಷೆಗೆಂದು ಇಸಿದುಕೊಂಡಿದ್ದ ಕೀಲಿಕೈಯನ್ನು ತಾನೇ ಅತ್ತಿಯ ಕೈಯಲ್ಲಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವತ್ತು ಅವನು ಉಣ್ಣಲಿಲ್ಲ. ನಾನು ಕರೆದರೂ ಏಳಲಿಲ್ಲ.

ಮರುದಿನ ಮುಂಜಾನೆ ವಿಭೂತಿ ಹಿಡಿದು ಅಂಗಳಕ್ಕಿಳಿದ. ಗಾಡಿ ಬಿಟ್ಟರೂ ಪೂಜೆ ಬಿಡಬಾರದಲ್ಲ! ಅತ್ತಿ ಬಿಂದಿಗೆ ಹಿಡಿದು ಹಿಂದೆಯೇ ಬಂದಳು. "ಹೆಂಗೂ ಮಾರೋ ಗಾಡಿ, ತೊಳದ ಹಚ್ಚರಿ," ಎಂದು ನೀರು ಸುರಿದು ಕೈಯಿಂದ ಗಾಜು ಉಜ್ಜಿದಳು. ವಿಭೂತಿ ಹರಿದುಹೋಯಿತು. ಬಿಳುಪು ಹೋಗಲಿಲ್ಲ. ಅತ್ತಿ ಮತ್ತೆ ಉಜ್ಜಿದಳು. ಆಮೇಲೆ ಸೆರಗಿನಿಂದ ಒಣಗಿಸಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗಾಜಿನ ಮೇಲೆ ಎಳೆದಳು, ಎಳೆ ನೋಡುವ ಹಾಗೆ.

ಅವಳು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಗಾಡಿ ಹೋಗಬೇಕೆಂದು ಹಟ ಹಿಡಿದವಳು ಅವಳೇ.

"ಇದು ವಿಭೂತಿ ಅಲ್ರಿ," ಎಂದಳು. "ಗಾಜ ಪರಚಿ ಹೋಗೈತಿ. ಒರಟ ಹತ್ತತೈತಿ ನೋಡ್ರಿ, ಹಿಂಜಿದ ನೂಲಿನಂಗ."

ಮಾಮಾ ಮುಟ್ಟಿ ನೋಡಿದ. ಎದುರಿನ ರಸ್ತೆಯಲ್ಲಿ ಗ್ರಾನೈಟ್ ಲಾರಿ ಹಾದುಹೋಯಿತು, ಧೂಳು ಎದ್ದು ಬಂತು. ಆ ಕಲ್ಲಿನ ಧೂಳಿನ ಮೇಲೆ ದಿನಾ ಬೆಳಿಗ್ಗೆ ಒಣ ಟಾವೆಲ್ಲಿನಿಂದ ಗಸಗಸ. ಗಾಜು ಅಂತ ನಾವು ಅನ್ನುತ್ತಿದ್ದುದು ಪ್ಲಾಸ್ಟಿಕ್ಕು. ಎಷ್ಟು ದಿನ ತಾಳೀತು?

"ನಾನ ಉಜ್ಜಿ ಉಜ್ಜಿ ಅದರ ಕಣ್ಣಿಗೆ ಪೊರಿ ತಂದೆನಲ್ಲೇ," ಎಂದು ಮಾಮಾ ಅಂಗಳದಲ್ಲೇ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು. ಅತ್ತಿ ಕೀಲಿಕೈಯನ್ನು ಅವನ ಮಡಿಲಿಗೆ ಹಾಕಿ, "ಆವತ್ತ ಆ ಬಂಡಿ ನನಗೂ ಕಂಡಿರಲಿಲ್ಲ," ಎಂದವಳೇ ಬಿಂದಿಗೆ ಎತ್ತಿಕೊಂಡು ಒಳಗೆ ನಡೆದಳು.

ದಾವಲ್ ನಯವಾದ ಮರಳು ಕಾಗದ ನೀರಲ್ಲಿ ಅದ್ದಿ ಉಜ್ಜಿ, ಪಾಲಿಶ್ ಬಳಿದು ಹೊಳಪು ತಂದ. ಮುಸ್ಸಂಜೆ ಮಾಮಾ ಗುಂಡಿ ಒತ್ತಿದಾಗ ಎದುರು ಮನೆಯ ಗೋಡೆ ಮೇಲೆ ನೀಲಿ ಮಿಂಚಿ, ಆಮೇಲೆ ನಿಧಾನಕ್ಕೆ ಬೆಳಗಾಯಿತು. ಒಣಹಾಕಿದ್ದ ಸೀರೆಯ ಕೆಂಪು ಸೆರಗಿನ ಒಂದೊಂದು ಗೆರೆಯೂ ಕಂಡಿತು. ಮೂವರೂ ಅದನ್ನೇ ನೋಡುತ್ತ ನಿಂತೆವು.

ಅಂದಿನಿಂದ ಮಾಮಾ ವಿಭೂತಿಯನ್ನು ಬಾನೆಟ್ಟಿಗೆ ಹಚ್ಚತೊಡಗಿದ. "ಹಣಿ ಇರೋದು ಕಣ್ಣಿನ ಮ್ಯಾಲ. ಇಷ್ಟ ದಿನ ನನಗ ತಿಳೀಲಿಲ್ಲ ನೋಡ," ಅನ್ನುತ್ತಿದ್ದ. ಮುಂದೆ ಬಹಳ ವರ್ಷ ಅವನು ಓಡಿಸಿದ. ಅತ್ತಿ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುತ್ತ "ಹಳೂ, ಹಳೂ" ಅನ್ನುವುದೂ ನಿಲ್ಲಲಿಲ್ಲ.

ಮಾಮಾ ಹೋದದ್ದು ಒಂದು ಮಧ್ಯಾಹ್ನ, ಊಟ ಮಾಡಿ ಅಡ್ಡಾದವನು ಏಳಲೇ ಇಲ್ಲ. ಕೆಲವು ತಿಂಗಳ ಮೇಲೆ ಅತ್ತಿ, "ಸಂಗಮಕ್ಕ ಹೋಗಿ ಹೊಳಿ ನೋಡಿ ಬರೂಣು, ನೀನ ಗಾಡಿ ಹೊಡಿ," ಎಂದಳು. ಎರಡು ಹೊಳೆ ಕೂಡುವಲ್ಲಿ ಹೊತ್ತು ಇಳಿಯುವವರೆಗೂ ಕೂತೆವು. ನೀರಿಗೂ ಬಾನಿಗೂ ಒಂದೇ ಬಣ್ಣ ಬಂದಿತ್ತು. ಮರಳುವಾಗ ಅವಳು ಅಂಗಡಿಯಲ್ಲಿ ಒಂದು ವಿಭೂತಿ ಗಟ್ಟಿ ಕೊಂಡಳು. ಅಂಗೈಯಲ್ಲಿ ನೀರು ಹಾಕಿ ತೇಯ್ದಳು. ಬಾನೆಟ್ಟಿನ ಮುಂದೆ ನಿಂತವಳು ಅಲ್ಲಿ ಹಚ್ಚಲಿಲ್ಲ. ಕುಕ್ಕರಗಾಲಲ್ಲಿ ಕೂತು ಎರಡೂ ದೀಪದ ಮೇಲೆ ಮೂರು ಮೂರು ಗೆರೆ ಎಳೆದಳು, ಹಿಂದೆ ಸರಿದು ಮೋರೆ ನೋಡಿದಳು.

ನಾನು ಒರೆಸಲು ಅರಿವೆ ಹುಡುಕಿದೆ.

"ಒರಸಬ್ಯಾಡ. ಇವತ್ತೊಂದಿನ ಇರ್ಲಿ," ಎಂದಳು ಅತ್ತಿ. "ಹಳೂ ಹೋಗೂಣಂತ. ಹುಣ್ಣಿವಿ ಹಚ್ಚವಾ."

ಹಚ್ಚಿದೆ. ಬೆಳಕು ಒಂದು ಚೂರು ಮಬ್ಬಾಗಿತ್ತು. ಹುನಗುಂದದವರೆಗೂ ನಾನು ಅದರ ತುದಿಯನ್ನೇ ನೋಡುತ್ತ ಓಡಿಸಿದೆ.