ನನ್ನ ಮಂಡಿ ಮುರಿದವಳು ಮಗಳ ಕೋಚ್ ಆದಳು

ತುಮಕೂರಿನಲ್ಲಿ ನಾನು ಓದಿದ ಕಾಲೇಜಿನ ಹುಡುಗಿಯರ ಕಬಡ್ಡಿ ಟೀಮಿಗೆ ಇಬ್ಬರು ಹೊಸ ಅಸಿಸ್ಟೆಂಟ್ ಕೋಚ್‌ಗಳು ಬಂದ ಸುದ್ದಿ ನನಗೆ ಸಿಕ್ಕಿದ್ದು ಗುಬ್ಬಿಯ ನನ್ನ ಬ್ಯೂಟಿ ಪಾರ್ಲರ್‌ನಲ್ಲಿ, ಒಬ್ಬರ ಹುಬ್ಬು ತೀಡುತ್ತಿದ್ದಾಗ. ಹಳೇ ಆಟಗಾರ್ತಿಯರ ಮೊಬೈಲ್ ಗ್ರೂಪಿಗೆ ಫೋಟೋ ಬಂದು ಬಿತ್ತು. ಒಬ್ಬ ಜಿಮ್‌ನವನು. ಅವನ ಬಗ್ಗೆ ನಮಗಿದ್ದ ತಕರಾರು ಇಷ್ಟೇ, ಜನ್ಮದಲ್ಲಿ ಮಂಡಿಗೆ ಮಣ್ಣು ಮೆತ್ತಿಕೊಂಡವನಲ್ಲ. ಇನ್ನೊಬ್ಬಳ ಮುಖ ನೋಡುತ್ತಲೇ ದಾರ ಹಿಡಿದ ನನ್ನ ಕೈ ಜಾರಿ ಗಿರಾಕಿಯ ಅರ್ಧ ಹುಬ್ಬು ಹೋಯಿತು. ಫೋಟೋದಲ್ಲಿದ್ದವಳು ಕುಣಿಗಲ್ಲಿನವಳು. ನನ್ನ ಮಂಡಿ ಮುರಿದವಳು.

ಆಗ ನಾನು ರೈಡರ್. ಅವಳು ಎದುರು ಟೀಮಿನ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದಳು. ರೈಡಿಗೆ ಹೋದವರ ಪಾದ ಒಮ್ಮೆ ಅವಳ ಕೈಗೆ ಸಿಕ್ಕರೆ ಮುಗಿಯಿತು, ಅದಕ್ಕೇ ನಾವೆಲ್ಲ ಅವಳನ್ನು ಇಕ್ಕಳ ಅನ್ನುತ್ತಿದ್ದೆವು. ಕುಣಿಗಲ್ಲಿನಲ್ಲೇ ನಡೆದ ಒಂದು ಮ್ಯಾಚಿನಲ್ಲಿ ನನ್ನ ಹಿಮ್ಮಡಿ ಹಿಡಿದಳು. ರೆಫ್ರಿ ಸೀಟಿ ಊದಿದ ಮೇಲೂ ಬಿಡದೆ ಒಂದು ಸಲ ತಿರುಚಿದಳು. ಮಂಡಿಯೊಳಗೆ ಲಟಕ್ ಅಂದಿದ್ದು ಗೆರೆಯಾಚೆ ಕೂತವರಿಗೂ ಕೇಳಿಸಿತಂತೆ. ಇವತ್ತಿಗೂ ನನಗೆ ನೆಲದ ಮೇಲೆ ಕೂರಲಾಗುವುದಿಲ್ಲ. ಯಡಿಯೂರಿಗೆ ಹೋದರೆ ಊಟದ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ನನಗೊಬ್ಬಳಿಗೆ ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿ. ತೊಡೆ ಮೇಲೆ ತಟ್ಟೆ ಇಟ್ಟುಕೊಂಡು ದೇವರ ಪ್ರಸಾದ ಉಣ್ಣುತ್ತಲೇ ಅವಳಿಗೆ ಶಾಪ ಹಾಕಿದ್ದೇನೆ.

ಈಗ ಅದೇ ಕಾಲೇಜಿನ ಟೀಮಿನಲ್ಲಿ ನನ್ನ ಮಗಳು ರೈಡರ್. ಇದ್ದ ಒಬ್ಬಳೇ ಮಗಳ ಕಾಲನ್ನು ತೆಗೆದುಕೊಂಡು ಹೋಗಿ ಆ ಇಕ್ಕಳದ ಬಾಯಿಗಿಡುವುದೇ?

ಕಾಲೇಜು ಮೈದಾನದ ಎದುರಿಗೆ ಒಂದು ಬೇಕರಿ ಇದೆ. ಮ್ಯಾಚ್ ಇದ್ದ ದಿನ ವ್ಯಾಪಾರ ಹಾಳಾದರೂ ಸರಿ, ಅದರ ಯಜಮಾನರು ಷಟರ್ ಎಳೆದು ಬಂದು ಕೂರುತ್ತಾರೆ. ಹಳೇ ಆಟಗಾರ್ತಿಯರೆಲ್ಲ ಅಲ್ಲಿ ಸೇರಿದೆವು. ಅವಳು ನಮ್ಮ ಹುಡುಗಿಯರಿಗೂ ಮೂಳೆ ಮುರಿಯುವುದನ್ನೇ ಕಲಿಸುತ್ತಾಳೆ, ಟೀಮನ್ನೇ ಟೂರ್ನಮೆಂಟಿನಿಂದ ಆಚೆ ಹಾಕಿಸುತ್ತಾಳೆ ಎಂಬುದು ಒಬ್ಬರ ಚಿಂತೆ. ನಮ್ಮ ಆಟದ ಗುಟ್ಟೆಲ್ಲ ಕುಣಿಗಲ್ಲಿಗೆ ಹೋಗುತ್ತದೆ ಎಂಬುದು ಯಜಮಾನರದು. ಗುಟ್ಟು ಮಣ್ಣು ಪಾಲಾಗಲಿ, ನನಗೆ ಮಗಳ ಮಂಡಿಯದೊಂದೇ ಚಿಂತೆ. ಹೋಗಿ ಪ್ರಿನ್ಸಿಪಾಲರ ಟೇಬಲ್ ಗುದ್ದಿ ಬಂದೆವು. ಅವರು ಟೀ ಕೊಟ್ಟು, ನೀವೆಲ್ಲ ಆಡುತ್ತಿದ್ದಾಗ ಗೆದ್ದ ಕಪ್ಪೇ ಕೊನೆಯದು ಅಲ್ಲವೇ ಎಂದು ಕೇಳಿ ಕಳಿಸಿದರು.

ಮನೆಗೆ ಬಂದು ಮಗಳಿಗೆ ಆಟ ಬಿಡು ಅಂದೆ. ಅವಳು ಬ್ಯಾಗಿಗೆ ಬಟ್ಟೆ ತುರುಕುತ್ತಾ ತಣ್ಣಗೆ ಹೇಳಿದಳು, "ಮುರ್ದಿದ್ದು ನಿನ್ ಕಾಲು ಕಣಮ್ಮ. ಇದು ನಂದು." ನನ್ನ ಕೈಯಲ್ಲಿದ್ದ ಸೌಟು ಹೋಗಿ ಗೋಡೆಗೆ ಬಡಿದು ಕ್ಯಾಲೆಂಡರೆಲ್ಲ ಸಾರಾಯಿತು. ಅವಳು ತಿರುಗಿಯೂ ನೋಡಲಿಲ್ಲ.

ಮಾರನೇ ದಿನ ಮಧ್ಯಾಹ್ನವೇ ಪಾರ್ಲರ್ ಮುಚ್ಚಿ ಸ್ಕೂಟರ್ ಹತ್ತಿ ತುಮಕೂರಿಗೆ ಹೊರಟೆ. ದೇವರಾಣೆಗೂ ಬರೀ ಮಾತಾಡಿ ಬರೋಣವೆಂದೇ ಹೊರಟಿದ್ದು. ಮೈದಾನಕ್ಕೆ ಕಾಲಿಟ್ಟರೆ ಕಂಡಿದ್ದೇನು? ನನ್ನ ಮಗಳು ಮಣ್ಣಿನಲ್ಲಿ ಬೋರಲು ಬಿದ್ದಿದ್ದಾಳೆ. ಅವಳ ಹಿಮ್ಮಡಿ ಆ ಹೆಂಗಸಿನ ಎರಡು ಕೈಯೊಳಗಿದೆ. ಅದೇ ಹಿಡಿತ, ಅದೇ ತಿರುಚು. ಮಗಳು ಚೀರಿದಳು. ಪಿತ್ತ ನೆತ್ತಿಗೇರಿತು. ಕುಂಟುಗಾಲಿನಲ್ಲೇ ಓಡಿಹೋಗಿ ಜುಟ್ಟು ಹಿಡಿದೆಳೆದು, ಕೈಯಲ್ಲಿದ್ದ ಹೆಲ್ಮೆಟ್ಟಿನಿಂದ ಬಾರಿಸಿದೆ. ಭುಜಕ್ಕೆ, ಬೆನ್ನಿಗೆ, ಕಿವಿ ಮೇಲೆ, ಎಲ್ಲಿ ಸಿಕ್ಕಿತೋ ಅಲ್ಲಿಗೆ. ಹುಬ್ಬು ಒಡೆದು ರಕ್ತ ಅವಳ ಕಣ್ಣಿಗಿಳಿಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂಡಿಟ್ಟ ಸಿಟ್ಟೆಲ್ಲ ಇಳಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು. ಅವಳು ಮಾತ್ರ ಕೈ ಎತ್ತಲಿಲ್ಲ.

ಕೊನೆಗೆ ನನ್ನ ಸೊಂಟ ಹಿಡಿದು ಕೆಡವಿದವಳು ನನ್ನ ಮಗಳೇ. ಎದೆ ಮೇಲೆ ಕೂತು ಅತ್ತಳು. "ಬಿಡಿಸ್ಕೊಳ್ಳೋದು ಹೇಳ್ಕೊಡ್ತಿದ್ರು ಕಣಮ್ಮ. ನಿನ್ ಕಾಲ್ ಹೋಯ್ತಲ್ಲ, ಅದೇ ಪಟ್ಟಿಂದ ಬಿಡಿಸ್ಕೊಳ್ಳೋದು."

ಕುಣಿಗಲ್ಲಿನವಳು ಟೀ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. "ಆ ಪಟ್ಟು ಹಾಕೋದು ನನ್ನಷ್ಟು ಇನ್ಯಾರ್ಗೂ ಗೊತ್ತಿಲ್ಲ ಅಕ್ಕ. ಬಿಡಿಸೋದೂ ಅಷ್ಟೇ. ಇವ್ಳ್ ಕಾಲು ನನ್ಗೆ ಬುಡಿ." ಅವಳು ತಪ್ಪಾಯಿತು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಬೇಕರಿ ಯಜಮಾನರು ಮಾತ್ರ ಕುಣಿಗಲ್ಲಿನವಳಿಗೆ ಬಿದ್ದ ಏಟಿಗೆ ಖುಷಿಯಾಗಿ ನನಗೆ ಬಿಟ್ಟಿ ಹನಿ ಕೇಕ್ ಕೊಟ್ಟರು.

ಆ ಸಲದ ಮ್ಯಾಚ್ ಕುಣಿಗಲ್ಲಿನಲ್ಲಿ ಬಿತ್ತು. ಎದುರಿಗೆ ಅಮೃತೂರು ಕಡೆಯ ಹುಡುಗಿಯರು. ಮಣ್ಣಿನ ಅಂಕಣ, ಬರಿಗಾಲಿನ ಆಟ. ಮಗಳು ರೈಡಿಗೆ ಹೋಗಿ ಹಿಂದಿರುಗುವಾಗ ಅವರ ಕಾರ್ನರ್ ಹುಡುಗಿ ಹಾರಿ ಹಿಮ್ಮಡಿ ಹಿಡಿದಳು. ನನ್ನ ಮಂಡಿಯೊಳಗೆ ಹಳೇ ನೋವು ಎದ್ದಿತು. ನಾನಾದರೆ ಕಾಲನ್ನು ಜಗ್ಗಿದ್ದೆ. ಮಗಳು ಜಗ್ಗಲಿಲ್ಲ. ಸೊಂಟ ತಿರುಗಿಸಿ ಮಗ್ಗುಲಿಗೆ ಹೊರಳಿದಳು, ಮಂಡಿಯನ್ನು ಎದೆಗೆ ಎಳೆದುಕೊಂಡಳು, ಕಾಲಿಗೆ ಜೋತುಬಿದ್ದ ಆ ಹುಡುಗಿಯೂ ಜೊತೆಗೇ ಬಂದಳು. ಮಗಳು ಒಂದೇ ಸಲಕ್ಕೆ ಒದ್ದಳು. ಹಿಮ್ಮಡಿ ಹೋಗಿ ಬಾಯಿಗೆ ಬಿತ್ತು. ಅದೇ ಲಟಕ್. ಹುಡುಗಿ ಬಾಯಿ ಹಿಡಿದುಕೊಂಡು ಉರುಳಿದಳು, ಬೆರಳ ಸಂದಿಯಿಂದ ರಕ್ತ ಬುಳುಬುಳು ಬರುತ್ತಿತ್ತು. ಮಗಳು ಕೈ ಚಾಚಿ ನಡುಗೆರೆ ಮುಟ್ಟಿದಳು.

ಪಾಯಿಂಟ್ ಸಿಕ್ಕಿತು. ನಮ್ಮ ಕಡೆಯವರ ಕೂಗಿಗೆ ಶಾಮಿಯಾನ ಹಾರುವಂತಿತ್ತು. ಯಜಮಾನರು ಟವೆಲ್ ಮೇಲಕ್ಕೆಸೆದರು. ನಾನು ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆಯುತ್ತಿದ್ದೆ.

ಆಗ ಎದುರಿನ ಜನರೊಳಗಿಂದ ಒಬ್ಬ ಹೆಂಗಸು ಎದ್ದು ಬಂದಳು. ಕೈಯಲ್ಲಿ ಚಪ್ಪಲಿ. ರೆಫ್ರಿಯನ್ನಾಗಲಿ ಯಾರನ್ನಾಗಲಿ ನೋಡದೆ ನೇರವಾಗಿ ನನ್ನ ಮಗಳ ಕಡೆ ಬಂದಳು. ಅವಳು ಯಾರೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನಾನು ಎದ್ದು ಓಡಿದೆ, ಕಾಲು ಓಡಲಿಲ್ಲ. ಕೋಚ್ ಹೋಗಿ ಮಗಳ ಮುಂದೆ ನಿಂತಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಚಪ್ಪಲಿ ಅವಳ ಕೆನ್ನೆಗೆ ಬಿತ್ತು, ಬಾಯಿಗೆ ಬಿತ್ತು, ಮಾಯುತ್ತಿದ್ದ ಹುಬ್ಬಿನ ಗಾಯ ಮತ್ತೆ ಒಡೆಯಿತು. ಜನ ಬಂದು ಬಿಡಿಸುವವರೆಗೂ ಹೊಡೆಸಿಕೊಂಡಳು.

ನಾನು ಕುಂಟುತ್ತಾ ಹೋಗಿ ಮುಟ್ಟುವಷ್ಟರಲ್ಲಿ ಅವಳು ರಕ್ತ ಉಗಿದು ಮಗಳ ಕಾಲನ್ನೇ ನೋಡುತ್ತಿದ್ದಳು.

"ಕಾಲು ಉಳೀತಲ್ವಾ ಅಕ್ಕ?"

"ಉಳೀತು" ಅಂದೆ.

ಮಗಳ ಹಿಮ್ಮಡಿಗೆ ಮೆತ್ತಿದ್ದ ರಕ್ತ ಅವಳದಲ್ಲ. ಪಕ್ಕದಲ್ಲಿ ಆ ತಾಯಿ ಚಪ್ಪಲಿ ಬಿಸಾಕಿ, ಕುಕ್ಕರುಗಾಲಿನಲ್ಲಿ ಕೂತು, ಮಣ್ಣಿನಲ್ಲಿ ತನ್ನ ಮಗಳ ಹಲ್ಲು ಹುಡುಕುತ್ತಿದ್ದಳು. ನಾನೂ ಕೂತು ಹುಡುಕೋಣವೆಂದರೆ ನನ್ನ ಮಂಡಿ ಬಗ್ಗುವುದಿಲ್ಲ.