ಹುಣಸೆಹಣ್ಣಿನಲ್ಲಿ ತೊಳೆದ ಏಳು ರೂಪಾಯಿ

1981ರ ನನ್ನ ದಿನಚರಿಯಲ್ಲಿ ದೀಪಾವಳಿಯ ವಾರ ಒಂಬತ್ತು ಪುಟ ತಿಂದಿದೆ. ಉಳಿದ ವಾರಗಳಿಗೆ ಎರಡು ಪುಟವೇ ಹೆಚ್ಚು.

ಆಗ ನಾನು ಯಲಬುರ್ಗಾದಲ್ಲಿ ಹೊಸದಾಗಿ ಸೇರಿದ ಶಿಕ್ಷಕಿ. ಭಾನುವಾರ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋಗಿ, ನನಗೆ ಇತಿಹಾಸ ಕಲಿಸಿದ್ದ ನಿವೃತ್ತ ಮಾಸ್ತರರ ಹಳೆಯ ನಾಣ್ಯಗಳಿಗೆ ಚೀಟಿ ಬರೆಯುತ್ತಿದ್ದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಚೀಟಿಯಲ್ಲಿ ಮೊದಲು ಅಚ್ಚಿನ ಬಗೆ, ಆಮೇಲೆ ದರ್ಜೆ. ಸುತ್ತಿಗೆಯಿಂದ ಬಡಿದ ನಾಣ್ಯದಲ್ಲಿ ಅರ್ಧ ಅಕ್ಷರ ಅಂಚಿನಾಚೆ ಹೋಗಿರುತ್ತದೆ. ಅದನ್ನು ಸವೆತ ಎಂದು ಬರೆಯಬಾರದು. ಯಂತ್ರದಲ್ಲಿ ಒತ್ತಿದ್ದರಲ್ಲಿ ಅಕ್ಷರ ಸರಿಯಾಗಿ ಕೂತಿರುತ್ತದೆ. ಮೆರುಗು ಕೊಟ್ಟ ಅಚ್ಚಿನಿಂದ ವಿಶೇಷವಾಗಿ ಒತ್ತಿದ್ದು ಪ್ರೂಫ್, ಕನ್ನಡಿಯಂಥದ್ದು.

“ಪ್ರೂಫ್ ಅಂದ್ರ ಮಾಡಿದ ರೀತಿ, ದರ್ಜಿ ಅಲ್ಲ. ಹೊಳಪು ನೋಡಿ ಮೋಸ ಹೋಗಬ್ಯಾಡ ಬೇಟಿ,” ಎನ್ನುತ್ತಿದ್ದರು. ದರ್ಜೆಗಳಲ್ಲಿ ಫೈನ್, ವೆರಿ ಫೈನ್ ದಾಟಿ ಎಲ್ಲಕ್ಕಿಂತ ಮೇಲಿನದು ಅನ್‌ಸರ್ಕ್ಯುಲೇಟೆಡ್, ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡದ್ದು. ಅವರ ಬಳಿ ಅಂಥದ್ದು ಒಂದೇ ಇತ್ತು, ನಿಜಾಮರ ಕಾಲದ ಚಾರ್‌ಮಿನಾರ್ ರೂಪಾಯಿ. ಅದರ ಮೇಲೆ ತೆಳ್ಳಗೆ ನೀಲಿಗಪ್ಪು ಕಟ್ಟಿತ್ತು. ವರ್ಷಗಟ್ಟಲೆ ತಾನಾಗಿ ಕಟ್ಟಿದ ಆ ಬಣ್ಣಕ್ಕೇ ಬೆಲೆ, ತಿಕ್ಕಿದರೆ ಹೋಯಿತು.

ಹಬ್ಬದ ರಜೆಯಲ್ಲಿ ಚೀಟಿ ಬರೆಯಲೆಂದು ಹನ್ನೊಂದು ನಾಣ್ಯ ಮನೆಗೆ ತಂದೆ. ಮುಂದಿನ ಭಾನುವಾರ ಹೈದರಾಬಾದಿನಿಂದ ಕೊಳ್ಳುವವರೊಬ್ಬರು ಬರುವವರಿದ್ದರು. “ಅವರು ಚೀಟಿ ಓದ್ತಾರ. ಚೀಟಿ ಸುಳ್ಳಾದ್ರ ನಾ ಕಳ್ಳ ಆಗ್ತೀನಿ,” ಎಂದಿದ್ದರು ಮಾಸ್ತರರು.

ಅಮಾವಾಸ್ಯೆಯ ದಿನ ಸ್ನಾನ ಮಾಡಿ ಬಂದರೆ ಲಕ್ಷ್ಮಿಯ ಮುಂದೆ ತಟ್ಟೆಯಲ್ಲಿ ಏಳು ರೂಪಾಯಿ ಥಳಥಳ. ಪೂಜೆಯ ಬೆಳ್ಳಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ನಮ್ಮ ಮನೆಯ ಪದ್ಧತಿ. ಅವ್ವ ನನ್ನ ಟ್ರಂಕು ತೆಗೆದಿದ್ದಳು.

“ಎಷ್ಟು ಕರ್ರಗ ಆಗಿದ್ವು! ಸಾಲಿ ಕಲಸಾಕಿಗೆ ಬೆಳ್ಳಿ ತಿಕ್ಕಾಕ ಬರೂದಿಲ್ಲ. ಇನ್ನ ನಾಕು ಉಳದಾವ, ತಾ.”

ಚಾರ್‌ಮಿನಾರಿನ ಮೇಲೆ ಕುಂಕುಮವಿತ್ತು. ಒರೆಸಿದೆ, ಕೆಳಗೆ ಸಣ್ಣ ಗೀರುಗಳು. ನಾಲ್ಕು ದಿನದಲ್ಲಿ ಅದನ್ನು ಹತ್ತೊಂಬತ್ತು ಸಲ ತೆಗೆದು ನೋಡಿದೆನೆಂದು ದಿನಚರಿಯಲ್ಲಿ ಗೀಟು ಹಾಕಿಟ್ಟಿದ್ದೇನೆ. ಹನ್ನೆರಡನೆಯ ಸಲ ಒಂದು ಯೋಚನೆ ಬಂತು: ಹೇಗೂ ಕನ್ನಡಿಯಂತಿದೆ, ಪ್ರೂಫ್ ಎಂದು ಬರೆದರೆ? ಮಾಸ್ತರರಿಗೆ ಕಾಣುವುದಿಲ್ಲ. ಬರೆದೂಬಿಟ್ಟೆ. ಆಮೇಲೆ ನನಗೆ ನನ್ನದೇ ಹೆದರಿಕೆ ಹತ್ತಿತು. ಹರಿದು ಒಲೆಗೆ ಹಾಕಿದೆ.

ಭಾನುವಾರ ಬಸ್ಸು ಕೆಟ್ಟು ನಿಲ್ಲಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ನಿಲ್ಲಲಿಲ್ಲ.

ಹೊಸ್ತಿಲಲ್ಲೇ ನಿಂತು, ಅವ್ವ ತೊಳೆದದ್ದನ್ನು ಹೇಳಿದೆ. ಮಾಸ್ತರರು ರೂಪಾಯಿಯನ್ನು ಮೂಗಿನ ಹತ್ತಿರ ಹಿಡಿದರು.

“ಹುಣಸಿಹಣ್ಣು?”

“ಹೌದ್ರಿ. ಬೂದೀನೂ.”

“ಎಷ್ಟು?”

“ಏಳು ರೀ. ನಾಕು ಉಳದಾವ.”

ಹೆಬ್ಬೆರಳಿನಿಂದ ನಾಣ್ಯದ ಮೈ ಸವರಿದರು. ಬೈದಿದ್ದರೆ ಬದುಕುತ್ತಿದ್ದೆ. “ಐವತ್ತು ವರ್ಷದ ಬಣ್ಣ ನಿಮ್ಮ ಅವ್ವಾರು ಒಂದ ತಾಸಿನ್ಯಾಗ ತಗದಾರ,” ಎಂದರು ಕೊನೆಗೆ. “ಪೆನ್ನು ತಗಿ. ಏಳಕ್ಕೂ ‘ತೊಳೆದದ್ದು’ ಅಂತ ಬರಿ. ಇನ್ನ ಮ್ಯಾಲ ಮನಿಗೆ ಒಯ್ಯಬ್ಯಾಡ.”

ಏಳನೆಯ ಚೀಟಿಯ ಶಾಯಿ ಆರುವ ಮೊದಲೇ ಹೈದರಾಬಾದಿನವರು ಬಂದರು. ಮೊದಲು ಎತ್ತಿದ್ದೇ ಚಾರ್‌ಮಿನಾರ್. ಚೀಟಿ ಓದಿ, ಯಾರು ತೊಳೆದರು ಎಂದು ಉರ್ದುವಿನಲ್ಲಿ ಕೇಳಿದರು.

“ನಮ್ಮ ಮನೆಯವರೇ,” ಎಂದರು ಮಾಸ್ತರರು.

ಬಂದವರು ಅದನ್ನು ಪಕ್ಕಕ್ಕಿಟ್ಟು, ತೊಳೆಯದ ನಾಲ್ಕರ ಕಡೆ ಕೈ ಚಾಚಿದರು.