ಜ್ವರಕ್ಕೆ ಕೂತ ಹುಳ

ನಾನು ಚಿತ್ರಕಲೆ ಕಲಿಸುವ ದೇವನಹಳ್ಳಿಯ ಶಾಲೆಯಲ್ಲಿ ಕಳೆದ ವರ್ಷ ಹಳೆಯ ಜಪಾನಿ ಚಿತ್ರಗಳ ಪ್ರತಿಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಮಿಡತೆ, ಜೀರುಂಡೆ, ತೂತುಬಿದ್ದ ಬದನೆ ಎಲೆ, ಎಲ್ಲವೂ ಕೂದಲೆಳೆಯಷ್ಟು ಸೂಕ್ಷ್ಮ. ರೇಷ್ಮೆ ಬೆಳೆ ಮುಗಿದು ಬಿಡುವಾಗಿದ್ದ ಅಮ್ಮನನ್ನೂ ಆವತಿಯಿಂದ ಕರೆತಂದೆ. "ಹುಳ ನೋಡಕ್ಕೆ ಬಸ್ ಬೇರೆ ಹತ್ಬೇಕಾ?" ಎಂದು ಗೊಣಗಿಕೊಂಡೇ ಬಂದಳು.

ವಿವರಣೆ ಕೊಡಲು ಬೆಂಗಳೂರಿನಿಂದ ಬಂದಿದ್ದ ಹುಡುಗಿ ಒಂದು ಚಿತ್ರದ ಮುಂದೆ ನಿಂತು ದನಿ ತಗ್ಗಿಸಿದಳು. ಹಿಪ್ಪುನೇರಳೆ ಎಲೆಯ ಮೇಲೆ ರೇಷ್ಮೆ ಹುಳವೊಂದು ತಲೆ ಎತ್ತಿ ಅಲುಗಾಡದೆ ಕೂತಿತ್ತು.

"ಗಮನಿಸಿ, ಎಲೆಯನ್ನು ಮೂಸಿಯೂ ನೋಡಿಲ್ಲ. ಇದು ಧ್ಯಾನ. ಲೋಕದ ನಶ್ವರತೆಯನ್ನು..."

"ಧ್ಯಾನ ಅಲ್ಲ ಕಣವ್ವಾ, ಜ್ವರ," ಎಂದಳು ಅಮ್ಮ.

ಮುಖ್ಯೋಪಾಧ್ಯಾಯರು ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ.

"ಯಾರಿಗೆ ಜ್ವರ, ಆಂಟಿ?" ಎಂದಳು ಹುಡುಗಿ.

"ಹುಳಕ್ಕೆ. ಪೊರೆ ಬಿಡೋಕೆ ಮುಂಚೆ ಹಿಂಗೇ ತಲೆ ಎತ್ಕೊಂಡು ಕೂತ್ಬಿಡ್ತವೆ, ಏನೂ ತಿನ್ನಲ್ಲ. ಅದನ್ನೇ ನಾವು ಜ್ವರ ಅನ್ನೋದು. ಈ ಟೈಮಲ್ಲಿ ಸೊಪ್ಪು ಹಾಕೋನು ದಡ್ಡ."

ಕಲಾವಿದನಿಗೆ ಹೀಗೆ ಪ್ರಶಸ್ತಿ ಕೊಟ್ಟವಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಮೂತಿ ಹಿಂದೆ ಕಪ್ಪು ಮುಕ್ಕೋಣ ಬರ್ದವ್ನೆ ನೋಡು. ಜ್ವರಕ್ಕೆ ಕೂತಾಗ ಮಾತ್ರ ಅದು ಕಾಣೋದು. ದಡ್ಡ ಅಲ್ಲ ಬಿಡು, ಹುಳ ಸಾಕೋ ತಟ್ಟೆ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡವ್ನೆ. ಸೊಪ್ಪು ಅವನ ಮನೇಲಿ ಇನ್ಯಾರೋ ಹಾಕಿರ್ಬೇಕು."

ನಾನು ಹುಳದ ತಟ್ಟೆಗಳ ನಡುವೆಯೇ ಬೆಳೆದವಳು. ಆ ಚಿತ್ರವನ್ನು ಗೋಡೆಗೆ ತೂಗುಹಾಕಿದವಳೂ ನಾನೇ. ಮುಕ್ಕೋಣ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಕ್ಕಳಿಗೆ "ನೋಡಿ ಬರೆಯಿರಿ" ಎಂದು ದಿನಾ ಅರಚುವವಳಿಗೆ ನಾಚಿಕೆಯಾಯಿತು.

ಆ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಮುಂದಿನ ಬೆಳೆಯಲ್ಲಿ ಹುಳ ಜ್ವರಕ್ಕೆ ಕೂತಾಗ ನಮ್ಮ ಮನೆಗೇ ಬಂದಳು. ಅಮ್ಮ ಬಾಗಿಲಲ್ಲೇ ತಡೆದು ಮೂಸಿದಳು.

"ಸೆಂಟ್ ಹಾಕ್ಕೊಂಡು ಬಂದಿದ್ಯಾ? ನನ್ನ ಹುಳ ಸಾಯ್ಬೇಕಾ?"

ಸ್ನಾನ ಮಾಡಿಸಿ, ನನ್ನ ಹಳೇ ನೈಟಿ ತೊಡಿಸಿ ಒಳಗೆ ಬಿಟ್ಟಳು. ದೊಡ್ಡ ದೊಡ್ಡ ಹೂವಿನ ಆ ನೈಟಿಯಲ್ಲಿ ಹುಡುಗಿ ಮಧ್ಯಾಹ್ನವೆಲ್ಲ ತಟ್ಟೆಯ ಪಕ್ಕ ಕೂತಿದ್ದಳು. ಸಂಜೆಯ ಹೊತ್ತಿಗೆ ಕೂಗಿಕೊಂಡಳು.

"ಆಂಟಿ, ಪೊರೆ ಬಿಡ್ತು! ಎಲ್ಲಾ ಎದ್ದೇಳ್ತಿವೆ!"

"ಎದ್ಮೇಲೆ ಹಸಿವು ತಡೆಯಲ್ಲ ಅವು," ಎಂದು ಅಮ್ಮ ಅವಳ ಕೈಗೆ ಕುಡುಗೋಲು ಕೊಟ್ಟಳು. "ಬಾ, ಸೊಪ್ಪು ಕುಯ್ಯಾಣ."